ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ: ಸರಿಮಾಡಿಸಲೋ, ಹೊಸದು ತರಲೋ?

ಪ್ರಶ್ನೆ: ನಮ್ಮ ಮನೆಯಲ್ಲಿ ಹತ್ತು ವರ್ಷ ಹಳೆಯ ಅಸೆಂಬಲ್ಡ್ ಕಂಪ್ಯೂಟರ್ ಇದೆ. ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಈಚೆಗೆ ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಒಮ್ಮೊಮ್ಮೆ ನೀಲಿ ಸ್ಕ್ರೀನ್ ಬರುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದರೂ ಸರಿಹೋಗಲಿಲ್ಲ. ಈಗ ಮದರ್‌ಬೋರ್ಡ್ ಹೋಗಿದೆ, ಹೊಸ ಕಂಪ್ಯೂಟರ್ ತಗೊಳ್ಳಿ ಅನ್ನುತ್ತಾರೆ. ಜಾಸ್ತಿ ಖರ್ಚಿಲ್ಲದೆ ಇದನ್ನೇ ಸರಿಮಾಡಿಕೊಳ್ಳಬಹುದೇ?

ಉತ್ತರ: ಬಹುತೇಕ ಮಾಡಿಕೊಳ್ಳಬಹುದು. ಮನೆಯ ಕೆಲಸಕ್ಕೆ ಆ ಪ್ರೊಸೆಸರ್ ಇವತ್ತಿಗೂ ಸಾಕು. ಆದರೆ ದೋಷ ಯಾವ ಭಾಗದಲ್ಲಿದೆ ಅಂತ ಗೊತ್ತಾಗುವವರೆಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಅಷ್ಟು ಹೊತ್ತಿಗೆ ಫಾರ್ಮ್ಯಾಟ್‌ಗೆ ಒಂದಿಷ್ಟು, ಹೊಸ ರ‍್ಯಾಮ್‌ಗೆ ಒಂದಿಷ್ಟು ಸುರಿದಿರುತ್ತಾರೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ಫಾರ್ಮ್ಯಾಟ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಯಾವ ಸೂಚನೆಯೂ ಇಲ್ಲದೆ ಬಟನ್ ಒತ್ತಿದಂತೆ ಪೂರ್ತಿ ಆಫ್ ಆಗುವ ಕಂಪ್ಯೂಟರ್‌ನಲ್ಲಿ ವಿಂಡೋಸ್‌ನ ತಪ್ಪು ಇರುವುದು ತುಂಬಾ ಅಪರೂಪ. ಅದು ಕರೆಂಟ್ ಅಥವಾ ಬಿಸಿಯ ವಿಷಯ. ಹಾರ್ಡ್ ಡಿಸ್ಕೇ ಕೆಡುತ್ತಿದ್ದರೆ ಫಾರ್ಮ್ಯಾಟ್ ಮಾಡಿಸಿ ಮಕ್ಕಳ ಫೋಟೋ, ಮನೆಯ ಕಾಗದಪತ್ರ ಕಳೆದುಕೊಂಡದ್ದಷ್ಟೇ ಬರುತ್ತದೆ. ಹಾಗಾಗಿ ಇವತ್ತು ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಮುಖ್ಯವಾದ ಫೈಲುಗಳನ್ನು ಒಂದು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಕಾಪಿ ಮಾಡಿಡಿ.

ಇನ್ನು ಅದು ಹೇಗೆ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿ. ಫ್ಯಾನ್ ಸದ್ದೂ ನಿಂತು ಪೂರ್ತಿ ಆಫ್ ಆಗುತ್ತದೆಯೇ? ತಾನಾಗಿ ರೀಸ್ಟಾರ್ಟ್ ಆಗುತ್ತದೆಯೇ? ನೀಲಿ ಸ್ಕ್ರೀನ್ ಬರುತ್ತದೆಯೇ? ಅಥವಾ ಚಿತ್ರ ಹಾಗೇ ನಿಂತು ಮೌಸ್ ಅಲುಗಾಡುವುದಿಲ್ಲವೇ? ಹಾಗೆ ನಿಂತಾಗ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಒಳಗೆ ವಿಂಡೋಸ್ ಇನ್ನೂ ಓಡುತ್ತಿದೆ, ತೊಂದರೆ ಮಾನಿಟರ್, ಅದರ ಕೇಬಲ್ ಅಥವಾ ಡಿಸ್ಪ್ಲೇ ಡ್ರೈವರ್ ಕಡೆಗಿದೆ. ನಾಲ್ಕು ದಿನ ಒಂದು ಚೀಟಿಯಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ, ಏನು ಮಾಡುವಾಗ, ಹೇಗೆ ನಿಂತಿತು. ಅಂಗಡಿಗೇ ಒಯ್ಯುವುದಾದರೂ ಆ ಚೀಟಿ ಕೊಟ್ಟರೆ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಯುಪಿಎಸ್ ಇದ್ದೂ ಮನೆಯ ಕರೆಂಟ್ ಹೋಗಿ ಬಂದಾಗ ಮಾತ್ರ ಆಫ್ ಆಗುತ್ತಿದ್ದರೆ ಕಂಪ್ಯೂಟರ್ ಚೆನ್ನಾಗಿಯೇ ಇದೆ, ಯುಪಿಎಸ್ ಬ್ಯಾಟರಿ ಮುಗಿದಿದೆ. ಚಿಕ್ಕ ಯುಪಿಎಸ್‌ಗಳಲ್ಲಿ ಇರುವುದು 12 ವೋಲ್ಟಿನ ಸೀಲ್ಡ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದು ಸೋಲುತ್ತದೆ, ಬ್ಯಾಟರಿಯನ್ನಷ್ಟೇ ಬದಲಿಸಬಹುದು. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ ಅಂತಲೂ ನೋಡಿ. ಜುಮ್ಮೆಂದರೆ ಆ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಸರಿಯಿಲ್ಲ ಅಂತಲೇ ಲೆಕ್ಕ. ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಸ್ವಲ್ಪ ಕರೆಂಟ್ ಸೋರಿ ಅರ್ಥ್‌ಗೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೇ ಉಳಿಯುತ್ತದೆ. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವ ಮನೆಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಕರೆಸಬೇಕಾದ್ದು ಎಲೆಕ್ಟ್ರಿಷಿಯನ್‌ನನ್ನು. ದಯವಿಟ್ಟು ಇದನ್ನು ಹಗುರವಾಗಿ ತಗೊಳ್ಳಬೇಡಿ.

ಕರೆಂಟ್ ಸರಿಯಿದೆ, ಆದರೂ ಅರ್ಧ ಗಂಟೆ ಓಡಿದ ಮೇಲೆ ಅಥವಾ ವಿಡಿಯೋ ನೋಡುವಾಗ ಆಫ್ ಆಗುತ್ತದೆ ಅಂದರೆ ಬಿಸಿಯನ್ನು ಅನುಮಾನಿಸಿ. ನಿಮ್ಮ ಪ್ರೊಸೆಸರ್‌ಗೆ ಇಲ್ಲೊಂದು ವಿಶೇಷ ಕಷ್ಟವಿದೆ. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9 ರೂಪದಲ್ಲಿ ವಿಡಿಯೋ ಕಳಿಸುತ್ತದೆ. ನಾಲ್ಕನೇ ಜನರೇಷನ್ ಚಿಪ್‌ನ ಗ್ರಾಫಿಕ್ಸ್ ಭಾಗಕ್ಕೆ ಅದನ್ನು ಪೂರ್ತಿಯಾಗಿ ಬಿಡಿಸುವ ಸಾಮರ್ಥ್ಯವಿಲ್ಲ. ಆ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಅದು ಬಿಸಿಯಾಗುತ್ತದೆ. ಬ್ರೌಸರ್‌ಗೆ ಎಚ್264ಇಫೈ ಅನ್ನುವ ಉಚಿತ ಎಕ್ಸ್‌ಟೆನ್ಷನ್ ಹಾಕಿದರೆ ಯೂಟ್ಯೂಬ್ ಹಳೆಯ ಎಚ್.264 ರೂಪದಲ್ಲಿ ವಿಡಿಯೋ ಕೊಡುತ್ತದೆ. ಅದನ್ನು ಗ್ರಾಫಿಕ್ಸ್ ಭಾಗವೇ ನೋಡಿಕೊಳ್ಳುತ್ತದೆ.

ಬಿಸಿ ಎಷ್ಟಿದೆ ಅಂತ ಕೋರ್ ಟೆಂಪ್ ಅಥವಾ ಎಚ್‌ಡಬ್ಲ್ಯೂಇನ್ಫೋ ಹಾಕಿ ನೋಡಿ, ಎರಡೂ ಮನೆಬಳಕೆಗೆ ಉಚಿತ. ಸುಮ್ನೆ ಇದ್ದಾಗ 40ರ ಆಸುಪಾಸು, ಕೆಲಸದಲ್ಲಿ 70 ಡಿಗ್ರಿ ಇದ್ದರೆ ಚಿಂತೆಯಿಲ್ಲ. 90 ದಾಟಿ 100ರ ಕಡೆ ಹೋಗುತ್ತಿದ್ದರೆ ಪ್ರೊಸೆಸರ್ ಮೊದಲು ತನ್ನ ವೇಗ ತಗ್ಗಿಸುತ್ತದೆ. ಅದೂ ಸಾಲದಿದ್ದರೆ ತನ್ನನ್ನು ಉಳಿಸಿಕೊಳ್ಳಲು ಇಡೀ ಕಂಪ್ಯೂಟರನ್ನೇ ಆಫ್ ಮಾಡುತ್ತದೆ.

ಆಗ ಪ್ಲಗ್ ತೆಗೆದು ಪಕ್ಕದ ಬಾಗಿಲು ಬಿಚ್ಚಿ. ಪ್ರೊಸೆಸರ್ ಮೇಲಿನ ಫ್ಯಾನ್ ನೋಡಿದರೆ ಮೇಲೆ ಒಂದಿಷ್ಟು ಧೂಳು ಮಾತ್ರ ಕಾಣಬಹುದು. ಅಷ್ಟನ್ನು ಒರೆಸಿ ಮುಚ್ಚಿಬಿಡುವವರೇ ಜಾಸ್ತಿ. ನಿಜವಾದ ಕಸ ಫ್ಯಾನಿನ ಕೆಳಗಿರುತ್ತದೆ. ರೆಕ್ಕೆಗಳ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ. ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬೂದು ಬಣ್ಣದ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿ ಕೂತಿರುತ್ತದೆ, ಗಾಳಿ ಹೋಗಲು ಜಾಗವೇ ಇರುವುದಿಲ್ಲ. ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಿರಿ, ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಇಂಟೆಲ್ ಜೊತೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಎದ್ದುಬಂದಿದ್ದರೂ ಸಾಕು, ಕೂಲರ್ ಒಂದು ಕಡೆ ಎತ್ತಿ ನಿಂತು ಬಿಸಿ ಏರುತ್ತದೆ. ಕೂಲರ್ ತೆಗೆದಿರಾದರೆ ಪ್ರೊಸೆಸರ್ ಮತ್ತು ಕೂಲರ್ ನಡುವೆ ಒಣಗಿದ ಹಳೆಯ ಪೇಸ್ಟ್ ಪೂರ್ತಿ ಒರೆಸಿ, ಹೊಸ ಥರ್ಮಲ್ ಪೇಸ್ಟ್ ಸ್ವಲ್ಪವೇ ಹಾಕಿ. ಸಣ್ಣ ಟ್ಯೂಬಿಗೆ ನೂರಿನ್ನೂರು ರೂಪಾಯಿ ಆಗಬಹುದು. ಎಷ್ಟೋ ಮನೆಗಳ ಕಂಪ್ಯೂಟರ್ ಕಷ್ಟ ಇಲ್ಲಿಗೇ ಮುಗಿಯುತ್ತದೆ.

ಬಿಸಿ ಸರಿಯಿದ್ದೂ ಆಫ್ ಆಗುತ್ತಿದ್ದರೆ ಮುಂದಿನ ಅನುಮಾನ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಡಬ್ಬಿಯ ಮೇಲೆ. ಅಸೆಂಬಲ್ಡ್ ಕಂಪ್ಯೂಟರ್‌ಗಳಲ್ಲಿ ಅತ್ಯಂತ ಅಗ್ಗದ್ದನ್ನು ಹಾಕುವುದು ಇದನ್ನೇ. ಮೊದಲು ಸೋಲುವ ಭಾಗಗಳಲ್ಲಿ ಇದೂ ಒಂದು. ಅದರ ಲೇಬಲ್ ಓದಿ. ದೊಡ್ಡಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿದ್ದರೂ 12 ವೋಲ್ಟ್ ಅಂಕಣದಲ್ಲಿ 14 ಆಂಪ್ಸ್ ಇದ್ದರೆ ಮುಖ್ಯವಾದ ಲೈನ್‌ನಲ್ಲಿ ಸಿಗುವುದು 168 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಿಮ್ಮ ಕಂಪ್ಯೂಟರ್‌ಗೆ ಅಷ್ಟೇ ಸಾಕಾಗಬಹುದು. ಆದರೆ ಹತ್ತು ವರ್ಷ ಸವೆದ ಮೇಲೆ ಅಷ್ಟನ್ನೂ ಅದು ಸ್ಥಿರವಾಗಿ ಕೊಡಲಾರದು. ಮಲ್ಟಿಮೀಟರ್ ಇದ್ದರೆ ಕಂಪ್ಯೂಟರ್ ಓಡುತ್ತಿರುವಾಗಲೇ ಹಾರ್ಡ್ ಡಿಸ್ಕ್‌ನ ಹಳೆಯ ಬಗೆಯ, ಖಾಲಿ ಇರುವ ನಾಲ್ಕು ಪಿನ್ ಕನೆಕ್ಟರ್‌ನಲ್ಲಿ ಹಳದಿ ಮತ್ತು ಕಪ್ಪು ವೈರ್ ನಡುವೆ ಅಳೆಯಿರಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ಮೀಟರ್ ಸರಿ ತೋರಿಸಿದರೂ ಭಾರ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್‌ಗಳಿವೆ. ಅದಕ್ಕೆ ನಂಬಬಹುದಾದ ಪರೀಕ್ಷೆ ಒಂದೇ: ಗೆಳೆಯರಿಂದ ಒಳ್ಳೆಯದೊಂದನ್ನು ಎರಡು ದಿನ ಕೇಳಿ ತಂದು ಹಾಕಿ ನೋಡುವುದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ತೆಗೆದು ನೋಡಿದವರು ಅಲ್ಲಿ ಕರ್ನಲ್ ಪವರ್ 41 ಅನ್ನುವ ಕೆಂಪು ಸಾಲು ಕಂಡು ಎಸ್‌ಎಂಪಿಎಸ್ ಹೋಗಿದೆ ಅಂತ ತೀರ್ಮಾನಿಸುತ್ತಾರೆ. ಅದರ ಅರ್ಥ ಹಾಗಲ್ಲ. ಕಂಪ್ಯೂಟರ್ ಕ್ರಮವಾಗಿ ಶಟ್‌ಡೌನ್ ಆಗದೆ ನಿಂತಿತ್ತು ಅಂತ ಮಾತ್ರ ಅದು ಹೇಳುತ್ತದೆ. ಯಾಕೆ ನಿಂತಿತು ಅನ್ನುವುದು ಅದಕ್ಕೆ ಗೊತ್ತಿಲ್ಲ.

ನೀಲಿ ಸ್ಕ್ರೀನ್ ಬರುವುದು ಒಂದು ರೀತಿಯಲ್ಲಿ ಒಳ್ಳೆಯದು, ಯಾಕೆಂದರೆ ಅದು ಏನನ್ನೋ ಹೇಳುತ್ತದೆ. ಓದುವ ಮೊದಲೇ ಮಾಯವಾಗುತ್ತಿದ್ದರೆ ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಟಿಕ್ ತೆಗೆಯಿರಿ. ಮುಂದಿನ ಸಲ ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಳ್ಳಿ. ಪ್ರತಿ ಸಲ ಬೇರೆ ಬೇರೆ ದೋಷದ ಹೆಸರು ಬರುತ್ತಿದ್ದರೆ, ಅದರಲ್ಲೂ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಕಂಡರೆ, ರ‍್ಯಾಮ್ ನೋಡಬೇಕು. ಯಾವಾಗಲೂ ಒಂದೇ ಡ್ರೈವರ್ ಫೈಲಿನ ಹೆಸರು ಬಂದರೆ ಆ ಡ್ರೈವರ್ ತೆಗೆದು ಹೊಸದಾಗಿ ಹಾಕಿ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿದರೆ ದಿನದ ಲೆಕ್ಕದಲ್ಲಿ ಎಲ್ಲ ತೊಂದರೆಗಳ ಪಟ್ಟಿ ಸಿಗುತ್ತದೆ. ತೊಂದರೆ ಶುರುವಾದ ದಿನ ಯಾವ ಸಾಫ್ಟ್‌ವೇರ್ ಬಂದು ಕೂತಿತು ಅಂತ ಅಲ್ಲೇ ಕಾಣುತ್ತದೆ.

ರ‍್ಯಾಮ್ ಪರೀಕ್ಷೆಗೆ ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ರಾತ್ರಿ ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ಮೇಲೆ ನಂಬಿಕೆ ಬೇಡ. ಆದರೆ ಎಸೆಯುವ ಮೊದಲು ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಇನ್ನೊಂದು ಸ್ಲಾಟ್‌ಗೆ ಹಾಕಿ ಮತ್ತೆ ನೋಡಿ. ನಮ್ಮಲ್ಲಿ ರಬ್ಬರ್‌ನಿಂದ ಉಜ್ಜುವ ಅಭ್ಯಾಸವಿದೆ. ಕೆಲಸ ಮಾಡುತ್ತದೆ ನಿಜ, ಆದರೆ ಪದೇ ಪದೇ ಉಜ್ಜಿದರೆ ಆ ತೆಳು ಲೇಪ ಸವೆಯುತ್ತದೆ.

ಕಂಪ್ಯೂಟರ್ ಹ್ಯಾಂಗ್ ಆಗಿ, ಹಾರ್ಡ್ ಡಿಸ್ಕ್ ದೀಪ ಆರದೆ ಉರಿಯುತ್ತಿದ್ದರೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ. ರಿಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಎಣಿಕೆ (ಡಿಸ್ಕ್‌ನಲ್ಲಿ ಕೆಟ್ಟ ಮತ್ತು ಕೆಡುತ್ತಿರುವ ಜಾಗಗಳ ಲೆಕ್ಕ) ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಡುವ ಹಾದಿಯಲ್ಲಿದೆ. ಸಿಆರ್‌ಸಿ ಎರರ್ (ಮಾಹಿತಿ ಸಾಗುವಾಗ ಆಗುವ ತಪ್ಪು) ಮಾತ್ರ ಏರುತ್ತಿದ್ದರೆ ಡಿಸ್ಕ್ ಬದಲು ಅದನ್ನು ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ.

ಇದೆಲ್ಲ ಮಾಡುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್, ಕೇಬಲ್, ಡ್ರೈವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದೇ ಇಲ್ಲ, ಅಲ್ವಾ?

ದೋಷ ಸಿಕ್ಕ ಮೇಲೆ ಅಪ್‌ಗ್ರೇಡ್ ಮಾತು. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ದುಡ್ಡು ಹಾರ್ಡ್ ಡಿಸ್ಕ್ ಬದಲು ಹಾಕುವ ಎಸ್‌ಎಸ್‌ಡಿಗೆ ಹಾಕುತ್ತೇನೆ. ಎಸ್‌ಎಂಪಿಎಸ್ ಹೆಸರಿಲ್ಲದ ಕಂಪನಿಯದಾಗಿದ್ದರೆ ಮಾತ್ರ ಅದಕ್ಕೂ ಮೊದಲು ಎಸ್‌ಎಂಪಿಎಸ್. ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಫೈಲ್ ಹುಡುಕಲೂ ತಟ್ಟೆ ತಿರುಗಬೇಕು, ಮುಳ್ಳು ಸರಿಯಬೇಕು. ವಿಂಡೋಸ್ ತೆರೆದುಕೊಳ್ಳುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಹೀಗೇ ಹುಡುಕುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ನೀವು ತಗೊಳ್ಳಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಎನ್‌ವಿಎಂಇ ಅನ್ನುವ ಬಗೆಯ ಎಸ್‌ಎಸ್‌ಡಿ ಜಾಸ್ತಿ ವೇಗ ಅಂತ ಯಾರಾದರೂ ಕೊಡಲು ಬಂದರೆ ಬೇಡ ಅನ್ನಿ, ಎಚ್81 ಬೋರ್ಡ್ ಅದರಿಂದ ನೇರವಾಗಿ ಬೂಟ್ ಆಗುವುದಿಲ್ಲ. ಈ ಚಿಪ್‌ಸೆಟ್‌ನಲ್ಲಿ ಪೂರ್ತಿ ವೇಗದ 6ಜಿ ಸಾಟಾ ಪೋರ್ಟ್‌ಗಳು ಎರಡೇ ಇವೆ. ಬೋರ್ಡ್ ಮೇಲೆ ಬರೆದದ್ದು ನೋಡಿ ಅಲ್ಲಿಗೇ ಚುಚ್ಚಿ. ಡಿಸ್ಕ್ ಬದಲಿಸಿದರೆ ವಿಂಡೋಸ್ 10 ಲೈಸೆನ್ಸ್ ಹೋಗುತ್ತದೆ ಅನ್ನುವ ಭಯ ಬೇಡ. ಡಿಜಿಟಲ್ ಲೈಸೆನ್ಸ್ ಕೂತಿರುವುದು ಮದರ್‌ಬೋರ್ಡ್ ಲೆಕ್ಕದಲ್ಲಿ.

ಆಮೇಲೆ ರ‍್ಯಾಮ್ 8 ಜಿಬಿ ಮಾಡಿ. ಬೇಕಾದ್ದು ಡಿಡಿಆರ್3, ಡಿಡಿಆರ್4 ಆ ಸ್ಲಾಟ್‌ಗೆ ಕೂರುವುದೇ ಇಲ್ಲ. ಹೊಸ ಡಿಡಿಆರ್3 ಸಿಗುವುದು ಕಡಿಮೆಯಾಗಿದೆ, ಸೆಕೆಂಡ್ ಹ್ಯಾಂಡ್ ಸಾಕು. ತುಂಬಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಎಎಂಡಿ ಬೋರ್ಡ್‌ಗಳಲ್ಲಿ ಮಾತ್ರ ಓಡುತ್ತವೆ. ಇಂಟೆಲ್‌ಗೆ ಆಗುತ್ತದೆಯೇ ಅಂತ ಕೇಳಿ, ಆಗದಿದ್ದರೆ ವಾಪಸ್ ತಗೊಳ್ಳುವ ಮಾತಾಡಿಯೇ ತನ್ನಿ. ಇಷ್ಟಕ್ಕೆ ನಿಲ್ಲಿಸಿ. ಈ ಹಳೆಯ ಬೋರ್ಡ್‌ಗೆ ಐ7 ಹುಡುಕುವುದಾಗಲಿ, ಗ್ರಾಫಿಕ್ಸ್ ಕಾರ್ಡ್ ಹಾಕುವುದಾಗಲಿ ನನ್ನ ಪ್ರಕಾರ ದುಡ್ಡು ದಂಡ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಎಸ್‌ಯು ಯೋಜನೆಗೆ ನೋಂದಾಯಿಸಿದ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಅಂತ ಕಂಪನಿ ಹೇಳಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಜನರೇಷನ್ ಬೇಕು, ಹಾಗಾಗಿ ನಿಮ್ಮದಕ್ಕೆ ಅಧಿಕೃತವಾಗಿ ಸಿಗದು. ಬ್ರೌಸರ್, ಆಫೀಸ್ ಕೆಲಸ, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಆದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, ಕಗಪ ಕೀಲಿ ವಿನ್ಯಾಸದಲ್ಲಿ ಯೂನಿಕೋಡ್ ಕನ್ನಡವೂ ಬರುತ್ತದೆ. ಆದರೆ ಹಳೆಯ ನುಡಿ ಫಾಂಟಿನ ಫೈಲುಗಳಲ್ಲಿ ದಿನವೂ ಡಿಟಿಪಿ ಕೆಲಸ ಮಾಡುವವರಿಗೆ ಈ ಮಾತು ಹೇಳಲಾರೆ, ಅವರಿಗೆ ವಿಂಡೋಸೇ ಬೇಕು.

ಇಷ್ಟೆಲ್ಲ ನೋಡಿದ ಮೇಲೂ, ಒಳ್ಳೆಯ ಎಸ್‌ಎಂಪಿಎಸ್, ಒಳ್ಳೆಯ ರ‍್ಯಾಮ್ ಇದ್ದೂ ಆಫ್ ಆಗುತ್ತಿದ್ದರೆ, ಅಥವಾ ಬೋರ್ಡ್ ಮೇಲಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಆಗ ಮದರ್‌ಬೋರ್ಡ್ ಹೋಗಿದೆ ಅನ್ನುವ ಮಾತು ಒಪ್ಪಬಹುದು. ಅದಕ್ಕೆ ಮತ್ತೆ ಎಚ್81 ಬೋರ್ಡ್ ಹುಡುಕಬೇಡಿ. ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಕಡೆ ಆಫೀಸುಗಳಿಂದ ಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ರೀಫರ್ಬಿಶ್ ಆಗಿ, ಅಂದರೆ ಹಳೆಯದನ್ನು ಸರಿಮಾಡಿ ಮಾರುವ ರೂಪದಲ್ಲಿ, ಸಿಗುತ್ತವೆ. ಐ5 ಅಂದರೆ ಸಾಲದು, ಪೂರ್ತಿ ನಂಬರ್ ಕೇಳಿ. ಐ5 8500 ಎಂಟನೇ ಜನರೇಷನ್, ಐ5 6500 ಆರನೆಯದು. ವಿಂಡೋಸ್ 11 ಬೇಕಾದರೆ ಈ ವ್ಯತ್ಯಾಸವೇ ಮುಖ್ಯ. ಇವುಗಳ ಎಸ್‌ಎಂಪಿಎಸ್ ಮತ್ತು ಕನೆಕ್ಟರ್ ಹೆಚ್ಚಾಗಿ ಆಯಾ ಕಂಪನಿಯದೇ ಆಗಿರುತ್ತವೆ, ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ ಅನ್ನುವುದೂ ತಿಳಿದಿರಲಿ. ಸಾಧ್ಯವಾದರೆ ದೊಡ್ಡ ಟವರ್ ಮಾದರಿಯನ್ನೇ ಆರಿಸಿ, ನಿಮ್ಮ ಹೊಸ ಎಸ್‌ಎಸ್‌ಡಿಯನ್ನು ಅದಕ್ಕೇ ಹಾಕಿಕೊಳ್ಳಬಹುದು. ಯಾವ ಭಾಗ ತಂದರೂ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ರಿಪೇರಿಗೆ ಕೊಟ್ಟಿದ್ದರೆ ಬದಲಿಸಿದ ಹಳೆಯ ಭಾಗವನ್ನು ವಾಪಸ್ ಕೇಳಿ ಪಡೆಯಿರಿ.