ಗುಂಡಿ ಹಾಕಿಕೊಡುವ ಮುಂಚೆ ಹತ್ತು ಎಣಿಸಿ

ಸ್ಟ್ರೋಕ್ ಆಗಿ ಎಡಗೈ ಸೋತ ತಂದೆ ಕುರ್ಚಿಯಲ್ಲಿ ಕೂತು ಬಲಗೈಯೊಂದರಿಂದಲೇ ಶರ್ಟಿನ ಮೂರನೇ ಗುಂಡಿಯನ್ನು ಕಾಜಾದೊಳಗೆ ತೂರಿಸಲು ಹೆಣಗುತ್ತಿದ್ದಾರೆ. ಥೆರಪಿ ಸಹಾಯಕಿ ಪಕ್ಕದಲ್ಲಿ ಸುಮ್ಮನೆ ಕೂತಿದ್ದಾರೆ. ಮಗಳು ಒಳಗೆ ಬರುತ್ತಾರೆ. "ಅಯ್ಯೋ, ಎಷ್ಟು ಹೊತ್ತು ಒದ್ದಾಡಿಸ್ತೀರಿ ಅಪ್ಪನ್ನ?" ಎನ್ನುತ್ತಲೇ ಎಲ್ಲ ಗುಂಡಿಗಳನ್ನೂ ಸರಸರನೆ ಹಾಕಿ, ಕಾಲರ್ ಸರಿಮಾಡಿ, "ಹೂಂ, ಈಗ ಥೆರಪಿ ಶುರು ಮಾಡಿ" ಎನ್ನುತ್ತಾರೆ. ಥೆರಪಿ ಅಲ್ಲಿಯವರೆಗೂ ನಡೆಯುತ್ತಲೇ ಇತ್ತು. ನಿಲ್ಲಿಸಿದ್ದು ಅವರೇ.

ಆ ಮಗಳ ಮೇಲೆ ಕೋಪ ಬರುವುದಿಲ್ಲ. ಅಪ್ಪ ಪಡುವ ಪಾಡನ್ನು ನೋಡುತ್ತಾ ಕೈಕಟ್ಟಿ ಕೂರುವುದು ಯಾರಿಗೂ ಸುಲಭವಲ್ಲ. ಆದರೆ ವಾರಕ್ಕೆ ನಾಲ್ಕು ಸಲ ಇದೇ ನಡೆದರೆ ಯಾರ ತಾಳ್ಮೆಯೂ ಸವೆಯುತ್ತದೆ.

ಗೊಂದಲಕ್ಕೆ ಅರ್ಧ ಕಾರಣ ಹೆಸರಿನದ್ದೇ. ಆಕ್ಯುಪೇಷನಲ್ ಥೆರಪಿಯನ್ನು ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಯುತ್ತೇವೆ. ಓದಿದವರು ಇದು ಕೆಲಸಕ್ಕೆ ವಾಪಸು ಕಳಿಸುವ ತರಬೇತಿ ಎಂದುಕೊಳ್ಳುತ್ತಾರೆ, ನಿವೃತ್ತರು ತಮಗೆ ಸಂಬಂಧವೇ ಇಲ್ಲ ಎಂದುಕೊಳ್ಳುತ್ತಾರೆ. ಇಲ್ಲಿ ಆಕ್ಯುಪೇಷನ್ ಎಂದರೆ ಮನುಷ್ಯನ ದಿನವನ್ನು ತುಂಬುವ ಯಾವುದೇ ಕೆಲಸ: ಹಲ್ಲುಜ್ಜುವುದು, ಉಣ್ಣುವುದು, ಪತ್ರಿಕೆ ಮಡಿಸಿಡುವುದು, ಗಿಡಕ್ಕೆ ನೀರು ಹಾಕುವುದು, ಮಗುವಿಗಾದರೆ ಆಟ. ಕೈ ಎಷ್ಟು ಡಿಗ್ರಿ ಮೇಲೇಳುತ್ತದೆ ಎಂಬುದನ್ನೂ ಅಳೆಯುತ್ತೇವೆ. ಆದರೆ ಮೇಲೆದ್ದ ಕೈ ಯಾವ ಕೆಲಸಕ್ಕೆ ಬಂತು ಎಂಬಲ್ಲಿಗೆ ಮುಟ್ಟದಿದ್ದರೆ ಆ ಅಳತೆಯಿಂದ ಏನೂ ಆಗುವುದಿಲ್ಲ.

ಈ ವಿಚಾರ ಹೊಸದೇನಲ್ಲ. 1917ರ ಮಾರ್ಚಿನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಬೆರಳೆಣಿಕೆಯ ಜನ ಸೇರಿ ಈ ವೃತ್ತಿಯ ಮೊದಲ ಸಂಘ ಕಟ್ಟಿದರು. ಅವರನ್ನು ಕರೆಸಿದ ಜಾರ್ಜ್ ಬಾರ್ಟನ್ ವೈದ್ಯರಲ್ಲ, ವಾಸ್ತುಶಿಲ್ಪಿ. ಕ್ಷಯದಿಂದ ನರಳಿ, ಎಡಭಾಗದ ಸ್ವಾಧೀನ ಕಳೆದುಕೊಂಡು, ತೋಟದ ಕೆಲಸ ಮತ್ತು ಮರಗೆಲಸ ಮಾಡುತ್ತಾ ತಮ್ಮನ್ನು ತಾವೇ ಎತ್ತಿ ನಿಲ್ಲಿಸಿಕೊಂಡವರು. ಅಂದರೆ ಈ ವೃತ್ತಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬರು ರೋಗಿಯೇ. ಅವರ ಜೊತೆಗಿದ್ದ ಎಲೀನರ್ ಕ್ಲಾರ್ಕ್ ಸ್ಲೇಗಲ್ ಮಾನಸಿಕ ರೋಗಿಗಳಿಗೆ ಏಳುವ, ತೊಳೆದುಕೊಳ್ಳುವ, ಉಡುವ, ಉಣ್ಣುವ ದಿನಚರಿಯನ್ನೇ ಚಿಕಿತ್ಸೆಯಾಗಿ ಕೊಟ್ಟರು. ಗುಂಡಿ ಹಾಕಿಕೊಳ್ಳುವುದು 'ಥೆರಪಿಗೆ ಮುಂಚಿನ ತಯಾರಿ' ಅಲ್ಲ ಎಂಬುದು ನೂರು ವರ್ಷ ಹಳೆಯ ಮಾತು.

ಇನ್ನು ಮನೆಯವರೂ ಹೊಸ ಸಹಾಯಕರೂ ಪದೇಪದೇ ತಪ್ಪಾಗಿ ತಿಳಿಯುವ ವಿಷಯಕ್ಕೆ ಬರೋಣ. ಸಹಾಯ ಎಂದರೆ 'ಮಾಡಿದೆವು', 'ಮಾಡಲಿಲ್ಲ' ಎಂಬ ಎರಡೇ ಸ್ಥಿತಿಯಲ್ಲ. ಅದಕ್ಕೆ ಔಷಧಿಯ ಹಾಗೆ ಪ್ರಮಾಣವಿದೆ. ಕೆಲಸದ 75 ಶೇಕಡಾ ಅಥವಾ ಅದಕ್ಕೂ ಹೆಚ್ಚನ್ನು ರೋಗಿಯೇ ಮಾಡಿ ಉಳಿದದ್ದಕ್ಕಷ್ಟೇ ನಾವು ಕೈ ಹಾಕಿದರೆ ಅದು ಕನಿಷ್ಠ ಸಹಾಯ. ರೋಗಿಯ ಪಾಲು 50ರಿಂದ 74 ಇದ್ದರೆ ಮಧ್ಯಮ, 25ರಿಂದ 49 ಇದ್ದರೆ ಗರಿಷ್ಠ, ಅದಕ್ಕೂ ಕೆಳಗಿಳಿದರೆ ಪೂರ್ಣ ಸಹಾಯ. ಮುಟ್ಟದೆ ಪಕ್ಕದಲ್ಲಿದ್ದು ನೋಡಿಕೊಂಡರೆ ಅದು ಮೇಲ್ವಿಚಾರಣೆ. ಬೇರೆ ಬೇರೆ ಮಾಪನಗಳಲ್ಲಿ ಈ ಗೆರೆಗಳು ಒಂದಿಷ್ಟು ಆಚೀಚೆ ಆಗುತ್ತವೆ, ತರ್ಕ ಒಂದೇ. ನಿನ್ನೆ ಕನಿಷ್ಠ ಸಹಾಯದಲ್ಲಿ ಶರ್ಟ್ ಹಾಕಿಕೊಂಡವರಿಗೆ ಇವತ್ತು ಪೂರ್ಣ ಸಹಾಯ ಕೊಟ್ಟರೆ ಡೋಸ್ ಏಕಾಏಕಿ ಏರಿಸಿದ ಹಾಗೆ. ಮಾತ್ರೆ ವಿಷಯದಲ್ಲಿ ಯಾರೂ ಹೀಗೆ ಮಾಡುವುದಿಲ್ಲ. ಅಕ್ಕರೆ ವಿಷಯದಲ್ಲಿ ಎಲ್ಲರೂ ಮಾಡುತ್ತಾರೆ.

ಸಹಾಯದ ಬಗೆಗೂ ಒಂದು ಮೆಟ್ಟಿಲುಸಾಲು ಇದೆ. ಮೊದಲು ಕಾಯುವುದು, ಮನಸ್ಸಿನಲ್ಲೇ ನಿಧಾನಕ್ಕೆ ಹತ್ತು ಎಣಿಸುವಷ್ಟು. ಮಿದುಳಿಗೆ ಪೆಟ್ಟಾದವರಿಗೆ ಮುಂದಿನ ಹೆಜ್ಜೆ ಹೊಳೆಯಲು ಆ ಹೊತ್ತು ಬೇಕು. ನಮಗೆ ಅದು ಯುಗದಂತೆ ಅನಿಸಿದರೂ ಅವರಿಗೆ ಅದು ಕಡಿಮೆಯೇ. ಆಮೇಲೂ ಆಗದಿದ್ದರೆ ಬೆರಳು ತೋರಿಸುವುದು. ಅದೂ ಸಾಲದಿದ್ದರೆ ಒಂದು ಚಿಕ್ಕ ಮಾತು: "ಎಡತೋಳು". ಒಂದು ಸಲಕ್ಕೆ ಒಂದೇ ಮಾತು. "ಅಪ್ಪಾ, ಮೊದಲು ತೋಳು ಹುಡುಕಿ, ಆಮೇಲೆ ಕೈ ತೂರಿಸಿ, ಅಲ್ಲಲ್ಲ ಆ ಕಡೆ" ಎಂದು ಸುರಿದರೆ, ಮಾತು ಅರ್ಥವಾಗುವುದೇ ಕಷ್ಟವಾಗಿರುವವರು ಅಲ್ಲೇ ನಿಂತುಬಿಡುತ್ತಾರೆ. ಮಾತಿಗೂ ಆಗದಿದ್ದರೆ ಮೊಣಕೈ ಹತ್ತಿರ ಮೆಲ್ಲನೆ ಮುಟ್ಟಿ ದಿಕ್ಕು ಕೊಡುವುದು. ಕೈ ಮೇಲೆ ಕೈ ಇಟ್ಟು ಮಾಡಿಸುವುದು ಕಟ್ಟಕಡೆಯ ಮೆಟ್ಟಿಲು. ಹೆಚ್ಚಿನವರು ಅಲ್ಲಿಂದಲೇ ಶುರು ಮಾಡುತ್ತಾರೆ.

ಶರ್ಟನ್ನೇ ತೆಗೆದುಕೊಳ್ಳಿ. ಕುರ್ಚಿಯ ಸೀಟು ಗಟ್ಟಿಯಾಗಿರಬೇಕು, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಮಂಚದ ಅಂಚಿನ ಮೆತ್ತನೆ ಹಾಸಿಗೆಯ ಮೇಲೆ ಕೂರಿಸಿದರೆ ಅರ್ಧ ಶಕ್ತಿ ಬೀಳದಂತೆ ಕೂರುವುದಕ್ಕೇ ಹೋಗುತ್ತದೆ. ಸಹಾಯಕರು ಸೋತ ಬದಿಯಲ್ಲಿ, ಸ್ವಲ್ಪ ಮುಂದಕ್ಕೆ ಇರಬೇಕು, ಏಕೆಂದರೆ ಆ ಕಡೆಗೇ ವಾಲುವುದು ಹೆಚ್ಚು. ಶರ್ಟನ್ನು ತೊಡೆಯ ಮೇಲೆ ಒಳಮೈ ಮೇಲಾಗಿ ಹರಡಬೇಕು. ಕಾಲರ್ ಹೊಟ್ಟೆಯ ಕಡೆ, ಕೆಳಗಿನ ಅಂಚು ಮಂಡಿಯ ಕಡೆ. ಹೀಗಿಟ್ಟಾಗ ಎಡತೋಳು ಎಡಕ್ಕೇ ಬರುತ್ತದೆ. ಕಾಲರ್ ಮಂಡಿ ಕಡೆ ಹೋದರೆ ಎಡಬಲ ಅದಲುಬದಲಾಗುತ್ತದೆ. ಎರಡನೇ ತೋಳಿಗೆ ಬಂದಾಗಲಷ್ಟೇ ಅದು ಗೊತ್ತಾಗಿ, ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಮೊದಲು ಸೋತ ಕೈ, ಆಮೇಲೆ ಗಟ್ಟಿ ಕೈ. ಬಿಚ್ಚುವಾಗ ಇದರ ತಿರುವುಮುರುವು. ಬಲಗೈಯಿಂದ ಎಡಗೈಯನ್ನು ತೋಳಿನ ಬಾಯಿಗೆ ಇಳಿಸಿ, ಬಟ್ಟೆಯನ್ನು ಮೊಣಕೈ ದಾಟಿಸಿ, ಭುಜದವರೆಗೆ ಪೂರ್ತಿ ಎಳೆದುಕೊಳ್ಳಬೇಕು. ಈ ಒಂದು ಹೆಜ್ಜೆಯಲ್ಲೇ ಹತ್ತಕ್ಕೆ ಎಂಟು ಸಲ ಕೆಡುವುದು. ಮೊಣಕೈವರೆಗೆ ಬಂದದ್ದೇ ಸಾಕು ಎಂದು ಮುಂದೆ ಹೋಗುತ್ತಾರೆ, ಬೆನ್ನ ಹಿಂದೆ ಬಟ್ಟೆ ಸಾಲದೆ ಬಲಗೈಗೆ ತೋಳು ಸಿಗುವುದಿಲ್ಲ, ನೋಡುತ್ತಿದ್ದ ಯಾರೋ ಸೋತ ಕೈಯನ್ನು ಹಿಡಿದು ಎಳೆಯುತ್ತಾರೆ. ದಯವಿಟ್ಟು ಆ ಕೈಯನ್ನು ಎಳೆಯಬೇಡಿ. ಅಲ್ಲಿ ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ, ಒಂದು ಎಳೆತಕ್ಕೆ ಶುರುವಾದ ನೋವು ತಿಂಗಳುಗಟ್ಟಲೆ ಉಳಿಯಬಹುದು. ಕಂಕುಳಿಗೆ ಕೈಕೊಟ್ಟು ಎಬ್ಬಿಸುವುದೂ ಇದೇ ಕಾರಣಕ್ಕೆ ಬೇಡ. ತೋಳು ಭುಜಕ್ಕೆ ಬಂದ ಮೇಲೆ ಕಾಲರ್ ಹಿಡಿದು, ಕುತ್ತಿಗೆಯ ಹಿಂದಿನಿಂದ ಬಲಕ್ಕೆ ತಂದು, ಬಲಗೈ ತೂರಿಸಿದರಾಯಿತು. ಗುಂಡಿಗಳು ಕೆಳಗಿನಿಂದ ಮೇಲಕ್ಕೆ: ಕೆಳಗಿನ ಎರಡು ಅಂಚು ಕಣ್ಣಿಗೆ ಕಾಣುವುದರಿಂದ ಗುಂಡಿ ತಪ್ಪು ಕಾಜಾಕ್ಕೆ ಹೋಗುವುದಿಲ್ಲ. ಬಲಗೈಯ ಕಫ್ ಗುಂಡಿಯನ್ನು ಸೋತ ಎಡಗೈ ಹಾಕಲಾರದು. ಅದನ್ನು ಎಲಾಸ್ಟಿಕ್ ದಾರದಲ್ಲಿ ಹೊಲಿಸಿಟ್ಟರೆ ಗುಂಡಿ ಬಿಚ್ಚದೆಯೇ ಕೈ ತೂರುತ್ತದೆ.

ಇಡೀ ಶರ್ಟ್ ಒಮ್ಮೆಗೇ ಆಗದು ಎನ್ನುವವರಿಗೆ ಕೊನೆಯಿಂದ ಶುರು ಮಾಡಿಸುತ್ತೇವೆ. ನಾಲ್ಕು ಗುಂಡಿ ನಾವು ಹಾಕಿ ಐದನೆಯದನ್ನು ಅವರಿಗೆ ಬಿಡುವುದು. ಅದು ಹಿಡಿತಕ್ಕೆ ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಪ್ರತಿ ದಿನವೂ ಕೆಲಸ ಮುಗಿಯುವುದು ಅವರ ಕೈಯಲ್ಲೇ, ಹಾಗಾಗಿ ಮಾರನೆಯ ದಿನ ಕೂರಿಸಲು ಗೋಗರೆಯಬೇಕಾಗಿಲ್ಲ.

ಈಗ ಸಹಾಯಕರಿಗೆ ಎರಡು ಮಾತು. ರೋಗಿಯನ್ನು ಪರೀಕ್ಷಿಸಿ ಅರ್ಥ ಕಟ್ಟುವುದು, ಗುರಿ ಇಡುವುದು, ಯೋಜನೆ ಬದಲಿಸುವುದು ಥೆರಪಿಸ್ಟ್ ಹೊಣೆ. ಆ ಯೋಜನೆಯನ್ನು ದಿನದಿನವೂ ನಡೆಸುವುದು, ಅದರೊಳಗೇ ಕೆಲಸವನ್ನು ತುಸು ಸುಲಭ ಅಥವಾ ತುಸು ಕಷ್ಟ ಮಾಡುವುದು, ಕಂಡದ್ದನ್ನು ಮರಳಿ ತಿಳಿಸುವುದು ಸಹಾಯಕರದು. ಯಾವ ಕೆಲಸಕ್ಕೆ ಎಷ್ಟು ಮೇಲ್ವಿಚಾರಣೆ ಬೇಕು ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿಯದನ್ನು ಕೇಳಿ ತಿಳಿದುಕೊಳ್ಳಿ. ಇದನ್ನು ಮೇಲು ಕೀಳು ಎಂದು ಓದುವವರಿದ್ದಾರೆ. ಥೆರಪಿಸ್ಟ್ ವಾರಕ್ಕೊಮ್ಮೆ ನೋಡುವ ಕೈಯನ್ನು ಸಹಾಯಕರು ವಾರಕ್ಕೆ ಐದು ದಿನ ನೋಡುತ್ತಾರೆ. ಭುಜದಲ್ಲಿ ಹೊಸ ನೋವು, ಬೆರಳುಗಳ ಊತ, ಎಡಗಡೆಗೆ ಗಮನವೇ ಹೋಗದೆ ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುವುದು ಮೊದಲು ಕಾಣುವುದು ಅವರಿಗೇ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ಯೋಜನೆ ಏನೇ ಹೇಳಲಿ, ಅಲ್ಲಿಗೆ ನಿಲ್ಲಿಸಿ ಕೂಡಲೇ ತಿಳಿಸಬೇಕು.

ಆದರೆ ಕಂಡದ್ದನ್ನು ಬರೆಯುವ ರೀತಿ ಇದೆಯಲ್ಲ! "ರೋಗಿ ಚೆನ್ನಾಗಿ ಸಹಕರಿಸಿದರು." ಇದನ್ನು ಓದಿ ಥೆರಪಿಸ್ಟ್ ಏನು ಮಾಡಬೇಕು? ಹೀಗೆ ಬರೆಯಿರಿ: "ಕುರ್ಚಿಯಲ್ಲಿ ಕೂತು ಶರ್ಟ್ ಹಾಕಿಕೊಂಡರು, 14 ನಿಮಿಷ. ಎಡತೋಳು ಭುಜಕ್ಕೆ ಎಳೆಯಲು ಎರಡು ಸಲ ಮಾತಿನ ಸೂಚನೆ, ಕಾಲರ್ ಹಿಂದಿನಿಂದ ತರಲು ಒಂದು ಸಲ ಕೈಸಹಾಯ. ಗುಂಡಿ 5ರಲ್ಲಿ 4 ಸ್ವತಃ. ಭುಜನೋವು ಇಲ್ಲ ಎಂದರು." ಇಷ್ಟಿದ್ದರೆ ಮುಂದಿನ ವಾರ ಏನು ಬದಲಿಸಬೇಕು ಎಂಬುದು ಕಾಗದದ ಮೇಲೇ ಕಾಣುತ್ತದೆ.

ಎಲ್ಲವನ್ನೂ ಎಲ್ಲರೂ ತಾವೇ ಮಾಡಿಕೊಳ್ಳಬೇಕು ಎಂಬ ಹಟ ನಮಗಿಲ್ಲ. ಬಟ್ಟೆ ಹಾಕಿಕೊಳ್ಳುವಷ್ಟರಲ್ಲೇ ದಿನದ ತ್ರಾಣವೆಲ್ಲ ಮುಗಿದು, ಇಷ್ಟದ ಕೆಲಸಕ್ಕೆ ಏನೂ ಉಳಿಯುವುದಿಲ್ಲ ಎನ್ನುವವರಿದ್ದರೆ ಬಟ್ಟೆಯ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಸರಿಯಾದ ಯೋಜನೆ ಇರಬಹುದು. ಅದನ್ನು ರೋಗಿಯೊಡನೆ ಕೂತು ಮೊದಲೇ ತೀರ್ಮಾನಿಸುತ್ತೇವೆ. ಆತುರದಲ್ಲಿರುವವರ ಕೈ ತೀರ್ಮಾನಿಸುವುದು ಬೇಡ. ಮನೆಯವರು ಎಲ್ಲಿಗಾದರೂ ಹೊರಡುವ ಅವಸರದಲ್ಲಿದ್ದ ದಿನ ನಿಸ್ಸಂಕೋಚವಾಗಿ ಗುಂಡಿ ಹಾಕಿಕೊಡಿ. ಹಾಕಿಕೊಟ್ಟೆವು ಎಂದು ಸಹಾಯಕರಿಗೆ ಹೇಳಿಬಿಡಿ, ಅವರು ಅಂದಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಮತ್ತೆ ಆ ಕಾಲರ್ ಕೆಳಗಿನ ಗುಂಡಿ ಕನ್ನಡಿ ಇಲ್ಲದೆ ಯಾರಿಗೂ ಕಾಣುವುದಿಲ್ಲ. ಅದನ್ನು ಹಾಗೇ ತೆರೆದು ಬಿಟ್ಟರೂ ನಡೆಯುತ್ತದೆ.