ವಿಮಾನದ ದಿನದಿಂದ ಹಿಂದಕ್ಕೆ ಎಣಿಸಿ: ಪ್ರಯಾಣದ ಲಸಿಕೆಗಳ ಟಿಪ್ಪಣಿ

ಸಮುದಾಯ ಆರೋಗ್ಯದ ಪಠ್ಯದಲ್ಲಿ ಪ್ರಯಾಣಿಕರ ಲಸಿಕೆಗೆ ಸಿಗುವುದು ಒಂದೆರಡು ಪುಟ. ಹೆಸರು, ಡೋಸ್, ಕೊಡುವ ಜಾಗ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುತ್ತದೆ. ಆದರೆ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದ ನನ್ನ ಚಿಕ್ಕಮ್ಮನ ಮಗಳ ಫೈಲು ಹಿಡಿದು ಮಲ್ಲೇಶ್ವರದ ಅವರ ಮನೆಯಲ್ಲಿ ಕೂತಾಗ ನನಗೆ ಒಂದು ವಿಷಯ ಮನದಟ್ಟಾಯಿತು. ಸೂಜಿ ಚುಚ್ಚಿಸಿಕೊಳ್ಳುವುದು ಐದು ನಿಮಿಷದ ಕೆಲಸ, ದಿನಗಳ ಲೆಕ್ಕ ತಪ್ಪಿದರೆ ಮಾತ್ರ ಸರಿಪಡಿಸುವುದು ಕಷ್ಟ. ಅದಕ್ಕೇ ಈ ಟಿಪ್ಪಣಿಯನ್ನು ದಿನಗಳ ಸುತ್ತಲೇ ಬರೆದಿದ್ದೇನೆ.

ಚಿಕ್ಕಮ್ಮ ಬೀರುವಿನಿಂದ ಮಗಳ ಹಳೆಯ ಲಸಿಕೆ ಕಾರ್ಡ್ ತೆಗೆದುಕೊಟ್ಟರು. ಮಡಿಕೆಯಲ್ಲಿ ಹರಿದಿತ್ತು, ಅಂಟಿಸಿದ್ದ ಟೇಪು ಹಳದಿಯಾಗಿತ್ತು. ಅದರಲ್ಲಿ ಕ್ಷಯಕ್ಕೆ ಹಾಕುವ ಬಿ.ಸಿ.ಜಿ., ಪೋಲಿಯೊ, ಡಿ.ಪಿ.ಟಿ., ಒಂಬತ್ತನೇ ತಿಂಗಳಿಗೆ ದಡಾರ, ಅಷ್ಟೇ ಇದ್ದದ್ದು. "ಶಾಲೆಯಲ್ಲಿ ಹಾಕಿದ್ರಲ್ಲಕ್ಕಾ, ಅದು ಸಾಕಾಗಲ್ವಾ?" ಅಂದಳು ತಂಗಿ. ಅವಳು ಹೇಳಿದ್ದು 2017ರ ದಡಾರ-ರುಬೆಲ್ಲಾ ಅಭಿಯಾನ. ದೇಶದಲ್ಲಿ ಅದು ಶುರುವಾದದ್ದೇ ಆ ವರ್ಷದ ಫೆಬ್ರುವರಿಯಲ್ಲಿ, ಬೆಂಗಳೂರಿನಿಂದ. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನವರಿಗೆಲ್ಲ ಕೊಟ್ಟರು. ಆದರೆ ಆ ಎಂ.ಆರ್. ಲಸಿಕೆಯಲ್ಲಿ ಮಂಗನಬಾವಿನ ಭಾಗ ಇಲ್ಲ. ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಕೇಳುವುದು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂ.ಎಂ.ಆರ್., ಅದೂ ಎರಡು ಡೋಸ್, ನಡುವೆ ಕನಿಷ್ಠ 28 ದಿನ. ನಮ್ಮಲ್ಲಿ ಅನೇಕರು ಎಡವುವುದು ಇದೊಂದು ಅಕ್ಷರದಲ್ಲಿ.

ಈಗ ಹಿಂದಕ್ಕೆ ಎಣಿಸೋಣ. ಆಗಸ್ಟ್ 10ಕ್ಕೆ ವಿಮಾನ, ಎರಡನೇ ಡೋಸನ್ನು ಆಗಸ್ಟ್ 1ಕ್ಕೆ ಮುಗಿಸಬೇಕು ಅಂತಿಟ್ಟುಕೊಳ್ಳಿ. ಮೊದಲನೆಯದು ಜುಲೈ 4 ದಾಟುವಂತಿಲ್ಲ. ವೀಸಾ ಕೈಗೆ ಬಂದ ಮೇಲೆ ನೋಡೋಣ ಅಂತ ಕೂತರೆ ಈ ತಾರೀಕು ಸದ್ದಿಲ್ಲದೆ ಕಳೆದುಹೋಗುತ್ತದೆ.

28 ದಿನ ಯಾಕೆ? ಎಂ.ಎಂ.ಆರ್. ಸಜೀವ ಲಸಿಕೆ, ಅಂದರೆ ಅದರೊಳಗೆ ಶಕ್ತಿ ಕುಂದಿಸಿದ ವೈರಾಣು ಇರುತ್ತದೆ. ಅದು ದೇಹದೊಳಗೆ ಸ್ವಲ್ಪ ಬೆಳೆದರೆ ತಾನೇ ರೋಗನಿರೋಧಕ ಶಕ್ತಿ ಪಾಠ ಕಲಿಯುವುದು! ಮೊದಲ ಲಸಿಕೆಗೆ ದೇಹ ಇನ್ನೂ ಎಚ್ಚೆತ್ತಿರುವಾಗಲೇ ಇನ್ನೊಂದು ಸಜೀವ ಲಸಿಕೆ ಹೋದರೆ, ಅದು ಬೆಳೆಯುವ ಮೊದಲೇ ಅಡಗಿಬಿಡಬಹುದು. ಆದ್ದರಿಂದ ಚುಚ್ಚುವ ಎರಡು ಬೇರೆಬೇರೆ ಸಜೀವ ಲಸಿಕೆಗಳನ್ನು ಒಂದೇ ದಿನ ಕೊಡಬೇಕು, ಇಲ್ಲವೇ ನಾಲ್ಕು ವಾರ ಬಿಡಬೇಕು. ಕಾಲೇಜು ಕೇಳಬಹುದಾದ ಕ್ಷಯದ ಚರ್ಮ ಪರೀಕ್ಷೆಗೂ ಇದೇ ನಿಯಮ: ಎಂ.ಎಂ.ಆರ್. ಹಾಕಿಸಿದ ದಿನವೇ ಮಾಡಿಸಿ, ಅಥವಾ ನಾಲ್ಕು ವಾರ ಕಾಯಿರಿ. ಇನ್ನೊಂದು ಮಾತು. ನಮ್ಮ ತೋಳಿನಲ್ಲಿ ಬಿ.ಸಿ.ಜಿ. ಕಲೆ ಇದೆಯಲ್ಲ, ಅದರಿಂದಾಗಿ ಚರ್ಮ ಪರೀಕ್ಷೆ ಸುಮ್ಮನೆ ಪಾಸಿಟಿವ್ ಬರಬಹುದು. ಇಗ್ರಾ ಎಂಬ ರಕ್ತ ಪರೀಕ್ಷೆಗೆ ಬಿ.ಸಿ.ಜಿ. ಅಡ್ಡ ಬರುವುದಿಲ್ಲ. ಕಾಲೇಜು ಒಪ್ಪುವುದಾದರೆ ಅದೇ ವಾಸಿ.

ಆಫ್ರಿಕಾ, ದಕ್ಷಿಣ ಅಮೆರಿಕಕ್ಕೆ ಕೆಲಸಕ್ಕೆ ಹೋಗುವವರ ಲೆಕ್ಕ ಬೇರೆ, ಅಲ್ಲಿ ಮುಖ್ಯವಾದದ್ದು ಹಳದಿ ಜ್ವರ. ಹೆಸರು ಕೇಳಿ ನಮ್ಮ ಕಾಮಾಲೆ ಅಂದುಕೊಳ್ಳಬೇಡಿ. ಇದು ಸೊಳ್ಳೆಯಿಂದ ಬರುವ ಬೇರೆಯೇ ವೈರಾಣು ರೋಗ. ನೈರೋಬಿಗೆ ಹೋಗಿಬರುವ ಬೆಂಗಳೂರಿನವರೊಬ್ಬರನ್ನು ತೆಗೆದುಕೊಳ್ಳಿ. ಅವರು ಊರಿಗೆ ಮರಳುವಾಗ ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡ್ ಕೇಳುವುದು ನಮ್ಮದೇ ದೇಶ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಧಾರಾಳವಾಗಿದೆ. ಮಳೆಗಾಲದಲ್ಲಿ ನಮ್ಮ ಬಡಾವಣೆಗಳಲ್ಲಿ ಡೆಂಗಿ ಹರಡುವುದು ಅದೇ ಸೊಳ್ಳೆಯೇ. ಸೋಂಕು ಹೊತ್ತ ಒಬ್ಬರು ಬಂದಿಳಿದರೂ ಅಪಾಯ. ಹಾಗಾಗಿ ಕಾರ್ಡ್ ಇಲ್ಲದೆ ಆ ದೇಶಗಳಿಂದ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ರೋಗ ಕಾಣಿಸಿಕೊಳ್ಳಲು ಹಿಡಿಯುವುದು ಮೂರರಿಂದ ಆರು ದಿನ, ಈ ಆರು ಬಂದದ್ದು ಅಲ್ಲಿಂದ.

ಈ ಕಾರ್ಡ್ ಊರ್ಜಿತವಾಗುವುದು ಲಸಿಕೆ ಹಾಕಿದ ಹತ್ತು ದಿನಗಳ ನಂತರ. ಹಿಂದಿನ ದಿನ ಹಾಕಿಸಿಕೊಂಡು ವಿಮಾನ ಹತ್ತಿದರೆ ಕಾಗದ ಇದ್ದೂ ಇಲ್ಲದಂತೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು: ಹಿಂದಿನ ಹತ್ತು ವರ್ಷದ ಮಿತಿಯನ್ನು 2016ರ ಜುಲೈ 11ರಿಂದ ತೆಗೆದಿದ್ದಾರೆ, ಹಳೆಯ ಕಾರ್ಡುಗಳಿಗೂ ಇದು ಅನ್ವಯ. ಲಸಿಕೆ ಸಿಗುವುದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಒಂದು ಸೀಸೆಯಲ್ಲಿ ಹಲವರ ಡೋಸ್ ಇರುತ್ತದೆ, ಬೆರೆಸಿದ ಆರು ಗಂಟೆಯೊಳಗೆ ಖರ್ಚಾಗಬೇಕು. ಮೊದಲೇ ದಿನ ಗೊತ್ತು ಮಾಡಿಕೊಂಡು, ಮೂಲ ಪಾಸ್‌ಪೋರ್ಟ್ ಹಿಡಿದು ಹೋಗಿ. ಕಾರ್ಡ್ ಕೈಗೆ ಬಂದೊಡನೆ ಅಲ್ಲೇ ನಿಂತು ಪಾಸ್‌ಪೋರ್ಟ್ ಸಂಖ್ಯೆ, ತಾರೀಕು, ಬ್ಯಾಚ್ ಸಂಖ್ಯೆ, ಸಹಿ, ಮೊಹರು ಒಂದೊಂದಾಗಿ ನೋಡಿ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, 60 ದಾಟಿದವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಇದೂ ಸಜೀವ ಲಸಿಕೆಯೇ.

ಮಲೇರಿಯಾಕ್ಕೆ ಪ್ರಯಾಣಿಕರು ನಂಬುವುದು ಮಾತ್ರೆಯನ್ನು. ಇಲ್ಲಿ ಹೋಗುವ ಮುಂಚಿನ ದಿನಗಳಷ್ಟೇ ಬಂದ ನಂತರದವೂ ಮುಖ್ಯ. ಡಾಕ್ಸಿಸೈಕ್ಲಿನ್ ಆದರೆ ಆ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ, ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ ಏಳು ದಿನ. ಮನೆ ಸೇರಿದೆವಲ್ಲ ಅಂತ ಅರ್ಧಕ್ಕೆ ನಿಲ್ಲಿಸಬಾರದು.

ಔಷಧದ ಚೀಲದ ಬಗ್ಗೆ ತಂಗಿಗೆ ಎರಡೇ ಮಾತು ಹೇಳಿದೆ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಔಷಧದ ಮೂಲ ಹೆಸರೂ ಇರಲಿ, ಮಾತ್ರೆಗಳು ಅವುಗಳ ಮೂಲ ಸ್ಟ್ರಿಪ್ಪಿನಲ್ಲೇ ಇರಲಿ. ನಾವು ಮನೆಮನೆಯಲ್ಲಿ ನುಂಗುವ ಡೋಲೋ ಅಂದರೆ ಪ್ಯಾರಾಸಿಟಮಾಲ್. ಅಮೆರಿಕದಲ್ಲಿ ಅದಕ್ಕೇ ಅಸಿಟಮಿನೊಫೆನ್ ಅನ್ನುತ್ತಾರೆ. ಬೇರೆ ಔಷಧ ಅಂದುಕೊಂಡು ಡೋಲೋ ಜೊತೆಗೆ ಅಸಿಟಮಿನೊಫೆನ್ ಇರುವ ಅಲ್ಲಿನ ಶೀತದ ಮಾತ್ರೆಯನ್ನೂ ನುಂಗಿದರೆ ಡೋಸ್ ಎರಡರಷ್ಟಾಗಿ ಯಕೃತ್ತಿಗೆ ಪೆಟ್ಟು ಬೀಳಬಹುದು. ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ಟ್ರಮಡಾಲ್ ಇವನ್ನು ಯು.ಎ.ಇ.ಗೆ ಅನುಮತಿ ಇಲ್ಲದೆ ಒಯ್ಯುವಂತೆಯೇ ಇಲ್ಲ.

ಹೊರಡುವ ವಾರ ತಂಗಿ ಆ ಹರಿದ ಕಾರ್ಡನ್ನು, ಎಂ.ಎಂ.ಆರ್.ನ ಎರಡೂ ತಾರೀಕಿನ ಚೀಟಿಯನ್ನು ಫೋಟೊ ತೆಗೆದು ಅಮ್ಮನ ಫೋನಿಗೂ ಕಳಿಸಿದಳು. ಮೂಲ ಪ್ರತಿಗಳು ಕೈಚೀಲದಲ್ಲಿ, ಪಾಸ್‌ಪೋರ್ಟ್ ಪಕ್ಕದಲ್ಲೇ ಹೋದವು.