ಹನ್ನೆರಡು ತಿಂಗಳ ದಂಡನೆ, ಹನ್ನೊಂದು ತಿಂಗಳ ಪ್ರಾರ್ಥನೆ

ಪ್ರಶ್ನೆ: ಯಹೂದಿಗಳಿಗೆ ಸ್ವರ್ಗ, ನರಕಗಳಲ್ಲಿ ನಂಬಿಕೆ ಇದೆಯೇ? ತಂದೆ ತಾಯಿ ತೀರಿಕೊಂಡಾಗ ಮಕ್ಕಳು ಹನ್ನೊಂದು ತಿಂಗಳು ಮಾತ್ರ ಪ್ರಾರ್ಥನೆ ಹೇಳುತ್ತಾರಂತೆ. ವರ್ಷ ಪೂರ್ತಿ ಏಕೆ ಹೇಳುವುದಿಲ್ಲ?

ಉತ್ತರ: ನಂಬಿಕೆ ಇದೆ, ಆದರೆ ಅವರ ನರಕಕ್ಕೆ ಒಂದು ಅವಧಿಯಿದೆ. ನೀವು ಕೇಳಿರುವ ಹನ್ನೊಂದು ತಿಂಗಳ ಲೆಕ್ಕ ಹುಟ್ಟಿರುವುದೂ ಆ ಅವಧಿಯಿಂದಲೇ.

ಯೆರೂಸಲೇಮಿನ ಹಳೆಯ ನಗರದ ದಕ್ಷಿಣಕ್ಕೆ ಹಿನ್ನೋಮ್ ಎಂಬ ಕಣಿವೆಯಿದೆ. ಒಂದು ಕಾಲದಲ್ಲಿ ಅಲ್ಲಿ ಮಕ್ಕಳನ್ನು ಬೆಂಕಿಗೆ ಆಹುತಿ ಕೊಡುತ್ತಿದ್ದರೆಂದು ಹೇಳುವ ಹೀಬ್ರೂ ಬೈಬಲ್ ಅದನ್ನು ಕಟುವಾಗಿ ಖಂಡಿಸುತ್ತದೆ. ಪಾಪಿಗಳು ಸತ್ತ ಮೇಲೆ ದಂಡನೆ ಅನುಭವಿಸುವ ಸ್ಥಳಕ್ಕೆ ಮುಂದೆ ಆ ಕಣಿವೆಯ ಹೆಸರೇ ಬಂದು, ಅದು ‘ಗೆಹಿನ್ನೋಮ್’ ಎನಿಸಿಕೊಂಡಿತು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಶ್ನಾ ಎಂಬ ಶಾಸ್ತ್ರಗ್ರಂಥದಲ್ಲಿ, ಗೆಹಿನ್ನೋಮಿನಲ್ಲಿ ದುಷ್ಟರಿಗೆ ಆಗುವ ದಂಡನೆ ಹನ್ನೆರಡು ತಿಂಗಳದ್ದು ಎಂಬ ಮಾತು ರಬ್ಬಿ (ಯಹೂದಿ ಧರ್ಮಗುರು) ಅಕಿವನ ಹೆಸರಿನಲ್ಲಿ ದಾಖಲಾಗಿದೆ. ಘೋರ ಪಾತಕಿಗಳ ವಿಷಯದಲ್ಲಿ, ಮಿಶ್ನಾದ ಮೇಲಿನ ಚರ್ಚೆಗಳ ಬೃಹತ್ ಸಂಗ್ರಹವಾದ ಟಾಲ್ಮುಡ್ ಇನ್ನೂ ಕಠಿಣವಾಗಿ ನುಡಿಯುತ್ತದೆ, ನಿಜ; ಆದರೂ ಸಾಮಾನ್ಯ ಮನುಷ್ಯರ ಮಟ್ಟಿಗೆ ಗೆಹಿನ್ನೋಮ್ ಆತ್ಮದ ಕೊಳೆ ತೊಳೆಯುವ ಸ್ಥಳವೆಂದೇ ಪರಂಪರೆ ಭಾವಿಸಿಕೊಂಡು ಬಂದಿದೆ.

ಮಕ್ಕಳು ಹೇಳುವ ಪ್ರಾರ್ಥನೆಯ ಹೆಸರು ಕದ್ದಿಶ್. ಅದರ ಬಹುಭಾಗ ಇರುವುದು ಅರಾಮಿಕ್ ಭಾಷೆಯಲ್ಲಿ, ಮತ್ತು ಅದರಲ್ಲಿ ಸಾವಿನ ಮಾತು ಒಂದೂ ಇಲ್ಲ. ‘ಆತನ ಮಹಾನಾಮವು ಹೆಚ್ಚಲಿ, ಪವಿತ್ರವೆನಿಸಲಿ’ ಎಂದು ಮಗ ಎದ್ದು ನಿಂತು ಆರಂಭಿಸಿದರೆ, ನೆರೆದವರು ‘ಆತನ ಮಹಾನಾಮಕ್ಕೆ ಎಂದೆಂದಿಗೂ ಸ್ತುತಿಯಾಗಲಿ’ ಎಂದು ದನಿಗೂಡಿಸುತ್ತಾರೆ. ಹಾಗೆ ದನಿಗೂಡಿಸಲು ಕನಿಷ್ಠ ಹತ್ತು ಜನ ಇರಲೇಬೇಕು. ಒಬ್ಬನೇ ಮನೆಯಲ್ಲಿ ಕುಳಿತು ಕದ್ದಿಶ್ ಹೇಳುವಂತಿಲ್ಲ. ಹೀಗಾಗಿ ಹೆತ್ತವರನ್ನು ಕಳೆದುಕೊಂಡವನು ದುಃಖವನ್ನು ಹೊತ್ತುಕೊಂಡೇ ದಿನವೂ ಜನರ ನಡುವೆ ಬಂದು ನಿಲ್ಲಬೇಕಾಗುತ್ತದೆ.

ಈ ಆಚರಣೆಯ ಹಿನ್ನೆಲೆಯಲ್ಲಿ ಮಧ್ಯಯುಗದ ಗ್ರಂಥಗಳು ಒಂದು ಕಥೆ ಹೇಳುತ್ತವೆ. ಮೈಯೆಲ್ಲ ಇದ್ದಿಲಿನಂತೆ ಕಪ್ಪಾದ, ಬೆತ್ತಲೆ ಮನುಷ್ಯನೊಬ್ಬ ದೊಡ್ಡ ಸೌದೆಯ ಹೊರೆ ಹೊತ್ತು ಓಡುತ್ತಿರುವುದನ್ನು ಕಂಡು ರಬ್ಬಿ ಅಕಿವ ತಡೆದು ವಿಚಾರಿಸುತ್ತಾನೆ. ಆತ ಸತ್ತವನು; ಬದುಕಿದ್ದಾಗ ತೆರಿಗೆ ವಸೂಲಿಯಲ್ಲಿ ಉಳ್ಳವರಿಗೆ ರಿಯಾಯಿತಿ ತೋರಿ ಬಡವರನ್ನು ಹಿಂಡಿದವನು. ದಿನವೂ ಸೌದೆ ತಂದು ಆ ಬೆಂಕಿಯಲ್ಲೇ ಬೇಯುವುದು ಅವನಿಗಾದ ಶಿಕ್ಷೆ. ತನಗೊಬ್ಬ ಮಗನಿದ್ದು, ಅವನು ಸಭೆಯ ಮುಂದೆ ನಿಂತು ದೇವರನ್ನು ಸ್ತುತಿಸಿದರೆ ತನಗೆ ಬಿಡುಗಡೆಯೆಂದು ಆತ ಹೇಳುತ್ತಾನೆ. ಅವನು ಸಾಯುವಾಗ ಹೆಂಡತಿ ಗರ್ಭಿಣಿ. ಅಕಿವ ಊರು ಹುಡುಕಿಕೊಂಡು ಹೋಗಿ, ಯಾರ ಆಸರೆಯೂ ಇಲ್ಲದೆ ಬೆಳೆದಿದ್ದ ಆ ಹುಡುಗನಿಗೆ ಅಕ್ಷರ ಕಲಿಸಿ ಸಭೆಯಲ್ಲಿ ನಿಲ್ಲಿಸುತ್ತಾನೆ. ತಂದೆ ಗೆಹಿನ್ನೋಮಿನಿಂದ ಪಾರಾಗುತ್ತಾನೆ.

ದಂಡನೆ ಹನ್ನೆರಡು ತಿಂಗಳಾದರೆ ಪ್ರಾರ್ಥನೆಯೂ ಹನ್ನೆರಡು ತಿಂಗಳು ಇರಬೇಕಲ್ಲವೇ? ಇದಕ್ಕೆ ಉತ್ತರ ಕೊಟ್ಟವರು 16ನೆಯ ಶತಮಾನದಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿದ್ದ ರಬ್ಬಿ ಮೋಶೆ ಇಸ್ಸೆರ್ಲೆಸ್. ಪೂರ್ತಿ ಅವಧಿಗೆ ಕದ್ದಿಶ್ ಹೇಳುವುದೆಂದರೆ ತಂದೆ ತಾಯಿ ದುಷ್ಟರೆಂದು ಮಕ್ಕಳೇ ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ಹನ್ನೊಂದು ತಿಂಗಳಿಗೇ ನಿಲ್ಲಿಸುವುದು ರೂಢಿಯೆಂದು ಅವರು ಬರೆದರು. ಕೆಲವು ಸೆಫಾರ್ದಿ (ಸ್ಪೇನ್, ಪೋರ್ಚುಗಲ್ ಮೂಲದ ಯಹೂದಿ) ಸಮುದಾಯಗಳ ಲೆಕ್ಕ ತುಸು ಬೇರೆಯಾದರೂ ಅದರ ಹಿಂದಿರುವ ಕಾಳಜಿ ಇದೇ. ಯಹೂದಿಗಳ ಪರಲೋಕ ಚಿಂತನೆಯಲ್ಲಿ ನನ್ನ ಮನಸ್ಸನ್ನು ಅತ್ಯಂತ ಆಳವಾಗಿ ತಟ್ಟಿದ್ದು ಈ ಸೂಕ್ಷ್ಮವೇ: ಹೇಳದೆ ಬಿಟ್ಟ ಆ ಒಂದು ತಿಂಗಳು ಹೆತ್ತವರ ಒಳ್ಳೆಯತನಕ್ಕೆ ಮಕ್ಕಳು ನುಡಿಯುವ ಸಾಕ್ಷಿ.

ಇಷ್ಟಾದರೂ ಎಲ್ಲ ಯಹೂದಿಗಳು ಎಲ್ಲ ಕಾಲದಲ್ಲೂ ಒಂದೇ ಚಿತ್ರವನ್ನು ನಂಬಿದವರಲ್ಲ. ಹೀಬ್ರೂ ಬೈಬಲಿನ ಹಳೆಯ ಭಾಗಗಳಲ್ಲಿರುವುದು ಶೆಯೋಲ್, ಅಂದರೆ ಕನ್ನಡ ಬೈಬಲಿನಲ್ಲಿ ‘ಪಾತಾಳ’ ಎಂದಿರುವ ಮಂಕು ಲೋಕ ಮಾತ್ರ. ಮಣ್ಣಿನಲ್ಲಿ ಮಲಗಿದವರು ಮತ್ತೆ ಏಳುವರೆಂಬ ಸ್ಪಷ್ಟ ಮಾತು ದಾನಿಯೇಲನ ಗ್ರಂಥದಲ್ಲಿ ಬರುತ್ತದೆ. ಆ ಪುನರುತ್ಥಾನವನ್ನು, ಪ್ರಾಚೀನ ಯಹೂದಿಗಳ ಎರಡು ಪಂಥಗಳಲ್ಲಿ ಫರಿಸಾಯರು ಒಪ್ಪಿದರು, ಸದ್ದುಕಾಯರು ಒಪ್ಪಲಿಲ್ಲ. 1204ರಲ್ಲಿ ತೀರಿಕೊಂಡ ಯಹೂದಿ ತತ್ತ್ವಜ್ಞಾನಿ ಮೈಮೊನಿಡಿಸ್ ಅದನ್ನು ತನ್ನ ಹದಿಮೂರು ಮೂಲತತ್ತ್ವಗಳಲ್ಲಿ ಕೊನೆಯದಾಗಿ ಸೇರಿಸಿದರೆ, ಅಮೆರಿಕದ ಸುಧಾರಣಾವಾದಿ ರಬ್ಬಿಗಳು 1885ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿ, ಆತ್ಮ ಅಮರವೆಂಬುದನ್ನು ಉಳಿಸಿಕೊಂಡು, ದೇಹದ ಪುನರುತ್ಥಾನವನ್ನೂ ಗೆಹಿನ್ನೋಮನ್ನೂ ಕೈಬಿಟ್ಟರು. ನಮ್ಮವರು ಕುತೂಹಲದಿಂದ ಕೇಳುವ ಪುನರ್ಜನ್ಮದ ಕಲ್ಪನೆಯೂ ಅಲ್ಲಿ ಉಂಟು. ‘ಗಿಲ್ಗುಲ್’ ಎಂಬ ಹೆಸರಿನ ಅದನ್ನು 10ನೆಯ ಶತಮಾನದಲ್ಲಿ ಯಹೂದಿ ಪಂಡಿತ ಸಾದಿಯಾ ಗಾವೋನ್ ಬಲವಾಗಿ ತಿರಸ್ಕರಿಸಿದ್ದರೂ, 16ನೆಯ ಶತಮಾನದಲ್ಲಿ ಈಗಿನ ಇಸ್ರೇಲಿನಲ್ಲಿರುವ ಸಫೇದ್ ಪಟ್ಟಣದ ಕಬ್ಬಾಲಾ ಎಂಬ ಗೂಢ ಪರಂಪರೆಯ ಅನುಭಾವಿಗಳ ನಡುವೆ ಅದು ಬೇರೂರಿತು.

ಹನ್ನೊಂದು ತಿಂಗಳಿಗೆ ಕದ್ದಿಶ್ ನಿಂತರೂ ಸಂಬಂಧ ಮುಗಿಯುವುದಿಲ್ಲ. ನಮ್ಮ ತಿಥಿಯಂತೆ, ಹೀಬ್ರೂ ಪಂಚಾಂಗದ ಪ್ರಕಾರ ಸಾವಿನ ದಿನ ಪ್ರತಿವರ್ಷ ಬಂದಾಗ, ಹಿಂದಿನ ಸಂಜೆಯೇ ಮನೆಯಲ್ಲಿ ಒಂದು ದಿನ ಉರಿಯುವಷ್ಟು ದೊಡ್ಡ ಮೇಣದ ದೀಪ ಹಚ್ಚುತ್ತಾರೆ. ಮಗ ಮತ್ತೆ ಹತ್ತು ಜನರ ನಡುವೆ ಎದ್ದು ನಿಂತು ಕದ್ದಿಶ್ ಹೇಳುತ್ತಾನೆ.